48ರ ಗೆರೆ ಮತ್ತು ಒಂದು ಹಳೇ ಗ್ರಾಫಿಕ್ಸ್ ಕಾರ್ಡ್

2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಹಳೇ ಗ್ರಾಫಿಕ್ಸ್ ಕಾರ್ಡ್ ತೆಗೆದುಕೊಂಡೆ. ಕಂಪ್ಯೂಟರಿನಲ್ಲಿ ಆಟದ ಚಿತ್ರ ಮೂಡಿಸುವುದು ಈ ಕಾರ್ಡೇ. ನನ್ನದು ಎನ್‌ವಿಡಿಯಾ ಕಂಪನಿಯ ಜಿಟಿಎಕ್ಸ್ 1060, ಆರು ಜಿಬಿ ಮೆಮೊರಿಯದ್ದು. ಬಾಕ್ಸ್ ಇಲ್ಲ, ಬಿಲ್ ಇಲ್ಲ, ವಾರಂಟಿ ಅಂತೂ ಇಲ್ಲವೇ ಇಲ್ಲ. ಏಳು ಸಾವಿರ ಕೊಟ್ಟೆ. ಅಂಗಡಿಯವರು ಅಲ್ಲೇ ಒಂದು ಕಂಪ್ಯೂಟರಿಗೆ ಸಿಕ್ಕಿಸಿ, ಡಿಸ್‌ಪ್ಲೇ ಬರುವುದನ್ನು ತೋರಿಸಿ, ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟರು.

ಅದಕ್ಕಾಗಿ ನಾನು ಎರಡು ವರ್ಷ ಕಾದಿದ್ದೆ. 2020ರ ಕೊನೆಯಿಂದ ಕಾರ್ಡ್‌ಗಳ ಬೆಲೆ ಕೈಗೆ ಎಟುಕದಷ್ಟು ಏರಿತ್ತು. ಒಂದು ಕಡೆ ಚಿಪ್‌ಗಳ ಕೊರತೆ, ಇನ್ನೊಂದು ಕಡೆ ಕ್ರಿಪ್ಟೊ ಮೈನಿಂಗ್, ಅಂದರೆ ಇಂಥ ಕಾರ್ಡ್‌ಗಳಿಂದ ಲೆಕ್ಕ ಮಾಡಿಸಿ ಡಿಜಿಟಲ್ ನಾಣ್ಯ ಗಳಿಸುವುದು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ನಾಣ್ಯದವರು ಮೈನಿಂಗ್ ಪದ್ಧತಿಯನ್ನೇ ಕೈಬಿಟ್ಟರು. ಅಲ್ಲಿಯವರೆಗೆ ಹಗಲು ರಾತ್ರಿ ದುಡಿದ ಕಾರ್ಡ್‌ಗಳು ಒಮ್ಮೆಲೇ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದವು. ನನ್ನದೂ ಹಾಗೆ ಬಂದದ್ದೇ ಇರಬಹುದು.

1060 ಹೊರಬಂದದ್ದು 2016ರ ಜುಲೈನಲ್ಲಿ. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್‌ನವರು ನಡೆಸುವ ಹಾರ್ಡ್‌ವೇರ್ ಸಮೀಕ್ಷೆಯಲ್ಲಿ ಎಷ್ಟೋ ವರ್ಷ ಇದೇ ಮೊದಲ ಸ್ಥಾನದಲ್ಲಿತ್ತು. ದುಡ್ಡು ಎಣಿಸಿ ಖರ್ಚು ಮಾಡುವವರ ಕಾರ್ಡ್ ಇದು. ಹಾಗಾಗಿಯೇ ನನಗೆ ಇದರ ಮೇಲೆ ಪ್ರೀತಿ.

ಮನೆಗೆ ತಂದು ಹಾಕಿದೆ. ರೆಡ್ ಡೆಡ್ ರಿಡೆಂಪ್ಶನ್ 2 ಎಂಬ ಆಟ ಶುರು ಮಾಡಿದೆ. ಸೆಕೆಂಡಿಗೆ ಸರಾಸರಿ 43 ಫ್ರೇಮ್, ಅಂದರೆ 43 ಚಿತ್ರ ಬಂತು. ಫ್ಯಾನ್ ಸದ್ದು ಪಕ್ಕದ ರೂಮಿಗೂ ಕೇಳುತ್ತಿತ್ತು. ಮೂಲೆಯಲ್ಲಿ ಬರುವ ಅಂಕಿಗಳನ್ನು ನೋಡಿದೆ. ಬಿಸಿ 83 ಡಿಗ್ರಿ. ಕೋರ್, ಅಂದರೆ ಮುಖ್ಯ ಚಿಪ್ಪಿನ ವೇಗ 1650 ಮೆಗಾಹರ್ಟ್ಸ್ ಆಸುಪಾಸು.

ಇಲ್ಲಿ ಏನೋ ಸರಿ ಇಲ್ಲ ಅನ್ನಿಸಿತು. ಈ ಕಾರ್ಡಿಗೆ ಕಂಪನಿಯವರು ಹೇಳಿದ ಬೂಸ್ಟ್ ವೇಗವೇ, ಅಂದರೆ ಜೋರು ಕೆಲಸದಲ್ಲಿ ತಾನಾಗಿ ಏರುವ ವೇಗವೇ 1708. ಕೂಲಿಂಗ್ ಚೆನ್ನಾಗಿದ್ದರೆ ಇದು ತಾನಾಗಿಯೇ 1850 ದಾಟಬೇಕು. 1060 ತನ್ನ ವೇಗವನ್ನು ತಾನೇ ನಿರ್ಧರಿಸಿಕೊಳ್ಳುತ್ತದೆ. ಬಿಸಿ ಕಡಿಮೆ ಇದ್ದು, ಕರೆಂಟ್ ಮಿತಿಯೊಳಗಿದ್ದರೆ ಮೇಲಕ್ಕೆ ಹೋಗುತ್ತದೆ. ಬಿಸಿ ಏರಿದಂತೆ ಸುಮಾರು 13 ಮೆಗಾಹರ್ಟ್ಸ್‌ನ ಮೆಟ್ಟಿಲುಗಳಲ್ಲಿ ಕೆಳಗಿಳಿಯುತ್ತದೆ. 83 ಡಿಗ್ರಿ ಅದರ ಗಡಿ. ಅಲ್ಲಿಗೆ ಮುಟ್ಟಿದರೆ ಇನ್ನೂ ಜೋರಾಗಿ ಬ್ರೇಕ್ ಹಾಕುತ್ತದೆ. ಅಂದರೆ ನಾನು ಓವರ್‌ಕ್ಲಾಕ್ ಮಾಡುವ, ಕಂಪನಿ ಕಟ್ಟಿದ್ದಕ್ಕಿಂತ ವೇಗ ಏರಿಸುವ ಮಾತು ಆಮೇಲೆ. ಕಾರ್ಡ್ ತನ್ನ ಮಾಮೂಲಿ ವೇಗಕ್ಕೇ ಬಂದಿರಲಿಲ್ಲ.

ಮೊದಲು ಬಿಚ್ಚಲೇಬೇಕಿತ್ತು.

ಹತ್ತು ನಿಮಿಷ ಆಟ ಓಡಿಸಿ ಕಾರ್ಡ್ ಬೆಚ್ಚಗೆ ಮಾಡಿಕೊಂಡೆ. ಚಿಪ್ಪಿನ ಬಿಸಿಯನ್ನು ಮೇಲಿನ ಹೀಟ್‌ಸಿಂಕ್ ಎಂಬ ಲೋಹದ ಭಾಗಕ್ಕೆ ದಾಟಿಸಲು ನಡುವೆ ಪೇಸ್ಟ್ ಹಚ್ಚಿರುತ್ತಾರೆ. ಒಣಗಿದ ಪೇಸ್ಟ್ ಚಿಪ್ಪಿಗೆ ಅಂಟಿಕೊಂಡಿರುತ್ತದೆ, ತಣ್ಣಗಿರುವಾಗ ಎಳೆದರೆ ಬರುವುದಿಲ್ಲ. ಕಂಪ್ಯೂಟರ್ ಆಫ್ ಮಾಡಿ, ವೈರ್ ತೆಗೆದು, ಕಾರ್ಡನ್ನು ಊಟದ ಮೇಜಿನ ಮೇಲೆ ಬೋರಲು ಮಲಗಿಸಿದೆ. ಚಿಪ್ ಸುತ್ತ ಸ್ಪ್ರಿಂಗ್ ಇರುವ ನಾಲ್ಕು ಸ್ಕ್ರೂಗಳು. ಒಂದನ್ನೇ ಪೂರ್ತಿ ಬಿಚ್ಚದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿದೆ. ಹೀಟ್‌ಸಿಂಕ್ ಮೇಲೆತ್ತಿದಾಗ ಫ್ಯಾನಿನ ಸಣ್ಣ ವೈರ್ ಇನ್ನೂ ಸಿಕ್ಕಿಕೊಂಡೇ ಇತ್ತು. ಉಗುರಿನಿಂದ ಅದರ ಕ್ಲಿಪ್ ಬಿಡಿಸಿದೆ.

ಒಳಗೆ ನೋಡಿದರೆ ಪೇಸ್ಟ್ ಒಣಗಿದ ಸುಣ್ಣದ ಹಾಗಾಗಿತ್ತು. ಮುಟ್ಟಿದರೆ ಪುಡಿಪುಡಿ. ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಧೂಳು ಹತ್ತಿಯಂತೆ ಹೆಣೆದುಕೊಂಡು, ಗಾಳಿ ಹೋಗಲು ಜಾಗವೇ ಇರಲಿಲ್ಲ. ಕೋರ್ ಚಿಪ್ಪಿನ ಸುತ್ತ ಮೆಮೊರಿಯ ಆರು ಚಿಪ್‌ಗಳಿವೆ. ಅವುಗಳ ಮೇಲಿನ, ಬಿಸಿ ದಾಟಿಸುವ ಥರ್ಮಲ್ ಪ್ಯಾಡ್‌ಗಳು ಎಣ್ಣೆ ಬಿಟ್ಟು ಗಟ್ಟಿಯಾಗಿದ್ದವು.

ಮೊಬೈಲ್ ರಿಪೇರಿಯವರ ಹತ್ತಿರ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಗುತ್ತದೆ. ಅದರಲ್ಲಿ ಹಳೇ ಬನಿಯನ್ ಬಟ್ಟೆ ಅದ್ದಿ ನಿಧಾನವಾಗಿ ಒರೆಸಿದೆ. ನಾಲ್ಕನೇ ಸಲಕ್ಕೆ ಚಿಪ್ ಕನ್ನಡಿಯಂತಾಯಿತು. ಅದರಲ್ಲಿ ಟ್ಯೂಬ್‌ಲೈಟ್ ಕಾಣುತ್ತಿತ್ತು. ಧೂಳಿಗೆ ಬ್ಲೋವರ್ ಹಿಡಿದೆ, ಆದರೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿಟ್ಟುಕೊಂಡು. ಗಾಳಿಗೆ ಫ್ಯಾನ್ ಜೋರಾಗಿ ತಿರುಗಿದರೆ ಅದರ ಬೇರಿಂಗ್ ಹಾಳಾಗುತ್ತದೆ. ಕಡಲೆಬೇಳೆಯಷ್ಟು ಹೊಸ ಪೇಸ್ಟ್ ಇಟ್ಟೆ. ಹಳೇ ಪ್ಯಾಡ್‌ಗಳ ದಪ್ಪ ಅಳೆದು ಅಷ್ಟೇ ದಪ್ಪದ ಹೊಸ ಪ್ಯಾಡ್ ಹಾಕಿದೆ. ಇಲ್ಲಿ ಅಂದಾಜು ನಡೆಯುವುದಿಲ್ಲ. ಪ್ಯಾಡ್ ದಪ್ಪವಾದರೆ ಹೀಟ್‌ಸಿಂಕ್ ಕೋರ್ ಚಿಪ್ಪಿಗೆ ಸರಿಯಾಗಿ ಕೂರುವುದಿಲ್ಲ. ತೆಳುವಾದರೆ ಮೆಮೊರಿಗೆ ಮುಟ್ಟುವುದೇ ಇಲ್ಲ. ಈ ಕಾರ್ಡಿನಲ್ಲಿ ಮೆಮೊರಿಯ ಬಿಸಿ ತೋರಿಸುವ ಸೆನ್ಸರ್ ಇಲ್ಲ. ತಪ್ಪು ಮಾಡಿದರೂ ಗೊತ್ತಾಗುವುದಿಲ್ಲ.

ಪೇಸ್ಟ್, ಪ್ಯಾಡ್, ಆಲ್ಕೊಹಾಲ್ ಎಲ್ಲ ಸೇರಿ ಸಾವಿರದೊಳಗೆ ಮುಗಿಯಿತು.

ಆಮೇಲೆ ಯೂನಿಜಿನ್ ಹೆವನ್ ಎಂಬ ಹಳೇ ಬೆಂಚ್‌ಮಾರ್ಕ್, ಅಂದರೆ ಕಾರ್ಡಿನ ವೇಗ ಅಳೆಯುವ ಪರೀಕ್ಷೆ ಓಡಿಸಿದೆ. ಬಿಚ್ಚುವ ಮೊದಲು ಅದರಲ್ಲಿ 63 ಫ್ರೇಮ್ ಬಂದಿತ್ತು, ಈಗ 69. ಬಿಸಿ 83ರಿಂದ 71ಕ್ಕೆ ಇಳಿದಿತ್ತು. ವೇಗ ತಾನಾಗಿ 1860ಕ್ಕೆ ಹತ್ತಿತ್ತು. ಆಟದಲ್ಲಿ 43 ಇದ್ದದ್ದು 47 ಆಯಿತು. ಇಷ್ಟಕ್ಕೂ ನಾನು ವೇಗ ಬದಲಿಸುವ ಒಂದು ಸ್ಲೈಡರನ್ನೂ ಮುಟ್ಟಿರಲಿಲ್ಲ. ಹಳೇ ಕಾರ್ಡಿನಿಂದ ಜಾಸ್ತಿ ಕೆಲಸ ತೆಗೆಯಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಅದರ ಧೂಳು ತೆಗೆಯಿರಿ. ಉಸಿರಾಡಲು ಬಿಡಿ. ವೇಗದ ಮಾತು ಆಮೇಲೆ.

ಇನ್ನು ಓವರ್‌ಕ್ಲಾಕಿಂಗ್ ವಿಷಯ.

ಇದಕ್ಕೆ ಬೇಕಾದ ಆಫ್ಟರ್‌ಬರ್ನರ್ ತಂತ್ರಾಂಶ ಉಚಿತ. ರಷ್ಯಾದ ಅಲೆಕ್ಸಿ ನಿಕೊಲಾಯ್‌ಚುಕ್ ಬರೆದ ರಿವಾಟ್ಯೂನರ್ ಎಂಬ ಹಳೇ ತಂತ್ರಾಂಶದಿಂದ ಬೆಳೆದು ಬಂದದ್ದು ಅದು. ಯಾವ ಕಂಪನಿಯ ಕಾರ್ಡಿಗಾದರೂ ನಡೆಯುತ್ತದೆ. ಈ ಒಬ್ಬ ಮನುಷ್ಯನ ಕೆಲಸದಿಂದ ಎಷ್ಟೋ ಲಕ್ಷ ಹಳೇ ಕಾರ್ಡ್‌ಗಳು ಇನ್ನೆರಡು ವರ್ಷ ಜಾಸ್ತಿ ಬದುಕಿವೆ ಎಂದು ನನ್ನ ನಂಬಿಕೆ.

ಒಂದು ನೂರು ಪುಟದ ನೋಟ್‌ಬುಕ್ ಹಿಡಿದು ಕೂತೆ. ಪವರ್ ಮಿತಿಯನ್ನು ಕಾರ್ಡ್ ಬಿಟ್ಟಷ್ಟು ಮೇಲೆ ಎಳೆದೆ. ವೋಲ್ಟೇಜ್ ಮುಟ್ಟಲಿಲ್ಲ. ಕೋರ್ ವೇಗವನ್ನು 25 ಏರಿಸುವುದು, ಇಪ್ಪತ್ತು ನಿಮಿಷ ಓಡಿಸುವುದು, ಬರೆದುಕೊಳ್ಳುವುದು. ಮತ್ತೆ 25. 150ರವರೆಗೂ ಹೆವನ್ ಏನೂ ತಕರಾರು ಮಾಡಲಿಲ್ಲ. ಖುಷಿಯಿಂದ ಆಟ ಶುರು ಮಾಡಿದೆ. ನಲವತ್ತು ನಿಮಿಷಕ್ಕೆ ಸ್ಕ್ರೀನ್ ಕಪ್ಪಾಯಿತು. ಬೆಂಚ್‌ಮಾರ್ಕಿನಲ್ಲಿ ಪಾಸಾದದ್ದು ಆಟದಲ್ಲಿ ಫೇಲಾಗುವುದು ಮಾಮೂಲಿ, ಏಕೆಂದರೆ ಆಟ ಚಿಪ್ಪಿನ ಬೇರೆ ಬೇರೆ ಭಾಗಗಳನ್ನು ಬೇರೆ ಬೇರೆ ರೀತಿ ದುಡಿಸುತ್ತದೆ. 120ಕ್ಕೆ ಇಳಿಸಿದೆ. ಮೂರು ಸಂಜೆ ಆಡಿದೆ, ಏನೂ ಆಗಲಿಲ್ಲ. ಕೋರ್ ಈಗ 1980ರ ಆಸುಪಾಸು ನಿಂತಿತು.

ಮೆಮೊರಿಯ ಕತೆ ಇದಕ್ಕಿಂತ ಸ್ವಾರಸ್ಯದ್ದು. ಕೋರ್ ವೇಗ ಜಾಸ್ತಿಯಾದರೆ ಕಾರ್ಡ್ ಬಿದ್ದುಹೋಗುತ್ತದೆ, ಗೊತ್ತಾಗುತ್ತದೆ. ಮೆಮೊರಿ ಹಾಗಲ್ಲ. 200 ಏರಿಸಿದೆ, ಹೆವನ್ ಕೊಡುವ ಅಂಕ ಏರಿತು. 300, 400, 500, ಪ್ರತಿ ಸಲವೂ ಒಂದಿಷ್ಟು ಏರಿತು. 600ಕ್ಕೆ ಹೋದಾಗ ಚಿತ್ರ ಚೆನ್ನಾಗಿಯೇ ಇತ್ತು, ಏನೂ ಕೆಟ್ಟಂತೆ ಕಾಣಲಿಲ್ಲ, ಆದರೆ ಅಂಕ ಕೆಳಗಿಳಿದಿತ್ತು. ಈ ಕಾರ್ಡಿನ ಜಿಡಿಡಿಆರ್5 ಮೆಮೊರಿಯಲ್ಲಿ ತಪ್ಪು ಹಿಡಿಯುವ ವ್ಯವಸ್ಥೆ ಇದೆ. ಸಾಗಿಸುವಾಗ ಡೇಟಾ ಕೆಟ್ಟರೆ ಅದನ್ನು ಮತ್ತೆ ಕಳಿಸಬಹುದು. ಹಾಗೆ ಮತ್ತೆ ಮತ್ತೆ ಕಳಿಸುವುದರಲ್ಲೇ ಹೊತ್ತು ಹೋಗುತ್ತದೆ. ವೇಗ ಏರಿಸಿದ್ದೇವೆ ಅಂದುಕೊಂಡಿರುತ್ತೇವೆ, ಒಳಗೆ ಕೆಲಸ ನಿಧಾನವಾಗಿರುತ್ತದೆ. 700ಕ್ಕೆ ಕತ್ತಲೆಯ ಜಾಗಗಳಲ್ಲಿ ಮಿಣಿಮಿಣಿ ಚುಕ್ಕೆಗಳು ಬಂದವು. 450ಕ್ಕೆ ನಿಲ್ಲಿಸಿದೆ. ಆಫ್ಟರ್‌ಬರ್ನರ್ ತೋರಿಸುವ 4006, 4456 ಆಯಿತು. ಸೆಕೆಂಡಿಗೆ 192 ಜಿಬಿ ಸಾಗಿಸುತ್ತಿದ್ದ ದಾರಿಯಲ್ಲಿ ಈಗ ಹೆಚ್ಚುಕಡಿಮೆ 214.

ಹೆವನ್‌ನಲ್ಲಿ 69 ಇದ್ದದ್ದು 75. ನೂರಕ್ಕೆ ಎಂಟೊಂಬತ್ತು ಜಾಸ್ತಿ. ಅಷ್ಟೇ.

ಅಷ್ಟೇನಾ ಅಂತ ಕೇಳಬಹುದು. ನಾನೂ ಆ ರಾತ್ರಿ ಸ್ವಲ್ಪ ಸಪ್ಪೆಯಾದೆ. ಹಿಂದಿನ ಕಾಲದ ಓವರ್‌ಕ್ಲಾಕಿಂಗ್ ಕತೆಗಳೇ ಬೇರೆ. 1998ರಲ್ಲಿ ಇಂಟೆಲ್‌ನ ಸೆಲೆರಾನ್ 300ಎ ಪ್ರೊಸೆಸರನ್ನು 66ರ ಬದಲು 100 ಮೆಗಾಹರ್ಟ್ಸ್ ಬಸ್‌ಗೆ (ಮದರ್‌ಬೋರ್ಡಿನಲ್ಲಿ ಡೇಟಾ ಸಾಗುವ ದಾರಿಗೆ) ಹಾಕಿದರೆ 300 ಇದ್ದದ್ದು 450 ಆಗುತ್ತಿತ್ತು. 2010ರ ಜಿಟಿಎಕ್ಸ್ 460 ಕಾರ್ಡಿನ ಕೋರ್ 675ಕ್ಕೆ ಇತ್ತು, ಬಹಳ ಜನ ಅದನ್ನು 800 ದಾಟಿಸಿದರು. ಆಗ ಕಂಪನಿಗಳು ಎಲ್ಲ ಚಿಪ್ಪಿಗೂ ಒಂದೇ ವೇಗ ಕಟ್ಟಿ ಕಳಿಸುತ್ತಿದ್ದವು, ಮೇಲೆ ಜಾಗ ಉಳಿದಿರುತ್ತಿತ್ತು. ಈಗ ಕಾರ್ಡ್ ತಾನೇ ಬೂಸ್ಟ್ ಮಾಡಿಕೊಂಡು ಆ ಜಾಗದ ಬಹುಪಾಲನ್ನು ಬಳಸಿಬಿಡುತ್ತದೆ. ಉಳಿಯುವುದು ಕೊನೆಯ ಹಿಡಿಯಷ್ಟು. ಅದೂ ಒಂದೊಂದು ಚಿಪ್ಪಿನಲ್ಲಿ ಒಂದೊಂದು ಥರ. ಒಂದೇ ಗೊನೆಯ ಬಾಳೆಹಣ್ಣೂ ಒಟ್ಟಿಗೆ ಹಣ್ಣಾಗುವುದಿಲ್ಲ ಅಲ್ವಾ. ನನ್ನ 120, ನನ್ನ 450 ನಿಮ್ಮ ಕಾರ್ಡಿಗೆ ಬರಬಹುದು, ಬರದೇ ಇರಬಹುದು. ಯಾರದೋ ಅಂಕಿಗಳನ್ನು ಸುಮ್ನೆ ನಕಲು ಮಾಡಬೇಡಿ.

ಆದರೆ ಆ ಎಂಟೊಂಬತ್ತರ ಬೆಲೆ ನನಗೆ ಗೊತ್ತಾದದ್ದು ಮಾರನೇ ದಿನ.

ನನ್ನ ಮಾನಿಟರ್ 75 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 75 ಸಲದವರೆಗೆ ಚಿತ್ರ ಬದಲಿಸುತ್ತದೆ. ಫ್ರೀಸಿಂಕ್ ಇರುವ ಅಗ್ಗದ ಮಾಡೆಲ್. ಕಾರ್ಡ್ ಎಷ್ಟು ಫ್ರೇಮ್ ಕೊಡುತ್ತದೋ ಅದಕ್ಕೆ ತಕ್ಕಂತೆ ಮಾನಿಟರ್ ತನ್ನ ತಾಳ ಬದಲಿಸಿಕೊಳ್ಳುತ್ತದೆ. 2019ರ ಜನವರಿಯ ಡ್ರೈವರ್‌ನಿಂದ (ಕಾರ್ಡನ್ನು ನಡೆಸುವ ತಂತ್ರಾಂಶ) ಎನ್‌ವಿಡಿಯಾದ, 1060 ಸೇರಿರುವ ಹತ್ತರ ಸಾಲಿನ ಕಾರ್ಡ್‌ಗಳಿಗೂ ಇದು ಸಿಕ್ಕಿತು, ಡಿಸ್‌ಪ್ಲೇಪೋರ್ಟ್ ಕೇಬಲ್‌ನಲ್ಲಿ ಮಾತ್ರ. ನನ್ನ ಮಾನಿಟರಿನಲ್ಲಿ ಇದು ನಡೆಯುವುದು 48ರಿಂದ 75ರ ನಡುವೆ. 48ರ ಕೆಳಗೆ ಬಿದ್ದರೆ ತಾಳ ತಪ್ಪುತ್ತದೆ. ಚಿತ್ರ ಅಡ್ಡಕ್ಕೆ ಹರಿದಂತೆ ಕಾಣುತ್ತದೆ, ಇಲ್ಲವೇ ಎಡವುತ್ತದೆ. ದುಬಾರಿ ಮಾನಿಟರ್ ಆಗಿದ್ದರೆ ಒಂದೇ ಫ್ರೇಮನ್ನು ಎರಡು ಸಲ ತೋರಿಸಿ ಸಂಭಾಳಿಸುತ್ತಿತ್ತು. 45 ಫ್ರೇಮ್ ಬಂದರೆ ಅದರ ಎರಡು ಪಟ್ಟು 90. ನನ್ನದು 75ರ ಮೇಲೆ ಹೋಗುವುದಿಲ್ಲವಲ್ಲ.

ಕಾರ್ಡ್ ಸ್ವಚ್ಛ ಮಾಡಿದ ಮೇಲೆ ಆಟದ ಸೆಟ್ಟಿಂಗ್‌ಗಳನ್ನೂ ಇಳಿಸಿದ್ದೆ. ನೀರಿನ ಅಲೆಗಳ ಲೆಕ್ಕ ಕಡಿಮೆ, ಪ್ರತಿಬಿಂಬ ಮೀಡಿಯಂ. ಆಗ ಸರಾಸರಿ 54 ಬರುತ್ತಿತ್ತು. ಕಾಡಿನಲ್ಲಿ, ಬಯಲಿನಲ್ಲಿ ಎಲ್ಲ ಚೆನ್ನ. ಆದರೆ ಸೇಂಟ್ ಡೆನಿ ಪಟ್ಟಣದೊಳಗೆ ಕುದುರೆ ಕಾಲಿಡುತ್ತಿದ್ದಂತೆ 45ಕ್ಕೆ ಇಳಿಯುತ್ತಿತ್ತು. ಟ್ರಾಮ್, ಜನ, ದೀಪ, ಹೊಗೆ ಎಲ್ಲ ಒಟ್ಟಿಗೆ. ಅಲ್ಲಿ ಪ್ರತಿ ಸಲ ಕ್ಯಾಮೆರಾ ತಿರುಗಿಸಿದಾಗ ಚಿತ್ರ ತಡವರಿಸುತ್ತಿತ್ತು. ಆ ಪಟ್ಟಣಕ್ಕೆ ಹೋಗುವುದನ್ನೇ ತಪ್ಪಿಸುತ್ತಿದ್ದೆ.

ಓವರ್‌ಕ್ಲಾಕ್ ಆದ ಮೇಲೆ ಅದೇ ಬೀದಿಗೆ ಹೋದೆ. ಅದೇ ಮೂಲೆ, ಅದೇ ಟ್ರಾಮ್. ಅಂಕಿ 49. ಬರೀ ನಾಲ್ಕು ಫ್ರೇಮ್ ಜಾಸ್ತಿ. ಕ್ಯಾಮೆರಾ ತಿರುಗಿಸಿದೆ, ಚಿತ್ರ ಬೆಣ್ಣೆಯ ಹಾಗೆ ಜಾರಿತು. ಮತ್ತೆ ತಿರುಗಿಸಿದೆ. ಸುಮಾರು ಹತ್ತು ನಿಮಿಷ ಆ ಪಟ್ಟಣದಲ್ಲಿ ಸುಮ್ನೆ ಅಡ್ಡಾಡಿದೆ. ಅಂಗಡಿಗಳ ಬೋರ್ಡ್ ಓದಿದೆ. 30 ಇದ್ದದ್ದು 33 ಆದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. 65 ಇದ್ದದ್ದು 70 ಆಗಿದ್ದರೂ ಅಷ್ಟೇ. ನನ್ನ ನಾಲ್ಕು ಫ್ರೇಮ್ ಒಂದು ಗೆರೆಯನ್ನು ದಾಟಿಸಿತ್ತು. ಹಾಗಾಗಿ ಯಾರಾದರೂ ಓವರ್‌ಕ್ಲಾಕ್ ಮಾಡಿದರೆ ಲಾಭವಿದೆಯಾ ಎಂದು ಕೇಳಿದರೆ ನಾನು ತಿರುಗಿ ಕೇಳುವುದು ಇಷ್ಟೇ: ನಿಮ್ಮ ಗೆರೆ ಎಲ್ಲಿದೆ, ನೀವು ಅದಕ್ಕಿಂತ ಎಷ್ಟು ಕೆಳಗಿದ್ದೀರಿ? ಹತ್ತಿರದಲ್ಲಿದ್ದರೆ ಈ ಕೆಲಸಕ್ಕೆ ಒಂದು ಭಾನುವಾರ ಕೊಡಿ. ದೂರದಲ್ಲಿದ್ದರೆ ಸೆಟ್ಟಿಂಗ್ ಇಳಿಸಿ, ಅದರಿಂದ ಸಿಗುವ ಫ್ರೇಮ್ ಇದಕ್ಕಿಂತ ಜಾಸ್ತಿ.

ಭಯದ ಬಗ್ಗೆ ಎರಡು ಮಾತು. ವೋಲ್ಟೇಜ್ ಏರಿಸದೆ ಬರೀ ವೇಗ ಏರಿಸಿದರೆ ಕಾರ್ಡ್ ಸುಟ್ಟುಹೋಗುವ ಸಾಧ್ಯತೆ ತೀರಾ ಕಡಿಮೆ. ಕಾರ್ಡ್ ಹ್ಯಾಂಗ್ ಆಗುತ್ತದೆ, ವಿಂಡೋಸ್ ಎರಡು ಸೆಕೆಂಡ್ ಕಾದು ಡ್ರೈವರನ್ನು ಮತ್ತೆ ಎಬ್ಬಿಸುತ್ತದೆ. ನಾನು ಹೆದರುವುದು ಎಸ್‌ಎಂಪಿಎಸ್‌ಗೆ, ಅಂದರೆ ಕಂಪ್ಯೂಟರಿಗೆ ವಿದ್ಯುತ್ ಕೊಡುವ ಡಬ್ಬಿಗೆ. ಕಂಪನಿಯವರು ಹೇಳುವಂತೆ 1060 ಎಳೆಯುವುದು 120 ವಾಟ್. ಮದರ್‌ಬೋರ್ಡಿನ ಸ್ಲಾಟ್‌ನಿಂದ 75, ಆರು ಪಿನ್ನಿನ ವೈರ್‌ನಿಂದ 75, ಅಂದರೆ ದಾರಿ ಸಾಕಷ್ಟಿದೆ. ಆದರೆ ಕ್ಯಾಬಿನೆಟ್ ಜೊತೆ ಫ್ರೀ ಬಂದ ಹಗುರದ ಎಸ್‌ಎಂಪಿಎಸ್ ಮೇಲೆ 450 ವಾಟ್ ಎಂದು ಬರೆದಿದ್ದರೂ ನಂಬಬೇಡಿ. ಅದನ್ನು ಬದಲಿಸಲು ದುಡ್ಡಿಲ್ಲದಿದ್ದರೆ ಓವರ್‌ಕ್ಲಾಕ್ ಮಾಡಬೇಡಿ, ದಯವಿಟ್ಟು. ಕರೆಂಟ್ ಬಿಲ್ಲಿನ ಚಿಂತೆ ಬೇಡ. 25 ವಾಟ್ ಜಾಸ್ತಿ ಎಳೆದರೂ ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ ಎರಡೂಕಾಲು ಯೂನಿಟ್.

2024ರಲ್ಲಿ ಆ ಕಾರ್ಡನ್ನೂ ಮಾನಿಟರನ್ನೂ ಬಳ್ಳಾರಿಯಲ್ಲಿರುವ ಅಕ್ಕನ ಮಗನಿಗೆ ಕೊಟ್ಟೆ. ಪಿಯುಸಿ ಮುಗಿಸಿ ಹೊಸ ಕಂಪ್ಯೂಟರ್ ಕಟ್ಟಿಸಿಕೊಂಡಿದ್ದ, ಕಾರ್ಡಿಗೆ ದುಡ್ಡು ಉಳಿದಿರಲಿಲ್ಲ. ನನ್ನ ಅಂಕಿಗಳನ್ನೇ ಹಾಕಿ ಸೇವ್ ಮಾಡಿ ಕೊಟ್ಟೆ. ದೀಪಾವಳಿಗೆ ಕೊಟ್ಟದ್ದು, ಚಳಿಗಾಲ ಪೂರ್ತಿ ಚೆನ್ನಾಗಿ ಓಡಿತು.

ಏಪ್ರಿಲ್‌ನಲ್ಲಿ ಫೋನ್ ಬಂತು. "ಮಾಮ, ಆಡ್ತಾ ಆಡ್ತಾ ಸ್ಕ್ರೀನ್ ಕಪ್ಪಾಗಿಬಿಡ್ತದ. ಎರಡು ಸೆಕೆಂಡಿಗೆ ಮತ್ತೆ ಬರ್ತದ, ಆದ್ರ ಗೇಮ್ ಬಂದ್ ಆಗಿರ್ತದ."

"ಎಷ್ಟು ಹೊತ್ತಿಗೆ ಆಗ್ತದೆ? ರಾತ್ರಿನೂ ಆಗ್ತದಾ?"

"ಇಲ್ಲ ಮಾಮ. ಮಧ್ಯಾಹ್ನ ಮಾತ್ರ."

ಅದನ್ನು ಕೇಳಿದ ಕೂಡಲೇ ನನ್ನ ತಪ್ಪು ಗೊತ್ತಾಯಿತು. ನಾನು ಆ ಅಂಕಿಗಳನ್ನು ಹುಡುಕಿದ್ದು ಡಿಸೆಂಬರ್ ತಿಂಗಳ ಬೆಂಗಳೂರಿನ ರಾತ್ರಿಯಲ್ಲಿ. ರೂಮು 22, 23 ಡಿಗ್ರಿ ಇದ್ದಿರಬೇಕು. ಬಳ್ಳಾರಿಯಲ್ಲಿ ಏಪ್ರಿಲ್ ಮಧ್ಯಾಹ್ನ ಹೊರಗೆ 40. ಅಕ್ಕನ ಮನೆಯ ಆ ರೂಮಿಗೆ ಪಶ್ಚಿಮದ ಗೋಡೆ, ಮೇಲೆ ಬರೀ ಆರ್‌ಸಿಸಿ. ಒಳಗೆ 36 ಡಿಗ್ರಿ. ಕಾರ್ಡಿನ ಕೂಲರ್ ಎಷ್ಟೇ ಚೆನ್ನಾಗಿದ್ದರೂ ರೂಮಿನ ಗಾಳಿಗಿಂತ ತಣ್ಣಗೆ ಮಾಡಲು ಅದಕ್ಕೆ ಆಗುವುದಿಲ್ಲ. ರೂಮು ಹದಿಮೂರು ಡಿಗ್ರಿ ಏರಿದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬಿಸಿಯಾದ ಚಿಪ್ಪಿಗೆ ಅದೇ ವೋಲ್ಟೇಜ್‌ನಲ್ಲಿ ಅದೇ ವೇಗ ತಡೆದುಕೊಳ್ಳಲು ಆಗಲಿಲ್ಲ.

ಮೊದಲು ಎಲ್ಲವನ್ನೂ ಸೊನ್ನೆಗೆ ಇಳಿಸಲು ಹೇಳಿದೆ. ಮುಂದಿನ ವಾರ ಊರಿಗೆ ಹೋದೆ. ಬೇಕಂತಲೇ ಮಧ್ಯಾಹ್ನ ಎರಡಕ್ಕೆ ಕೂತೆವು. ಈ ಸಲ ಉಲ್ಟಾ ಕೆಲಸ. ವೇಗ ಏರಿಸುವ ಬದಲು ವೋಲ್ಟೇಜ್ ಇಳಿಸುವುದು.

ಚಿಪ್ ತಿನ್ನುವ ವಿದ್ಯುತ್ತಿಗೂ ವೇಗಕ್ಕೂ ನೇರ ಸಂಬಂಧ. ವೋಲ್ಟೇಜ್‌ಗೆ ಹಾಗಲ್ಲ, ವರ್ಗದ ಸಂಬಂಧ, ಅಂದರೆ ವೋಲ್ಟೇಜನ್ನು ಅದರಿಂದಲೇ ಗುಣಿಸಿದ ಲೆಕ್ಕ. 1.05 ವೋಲ್ಟ್‌ನಲ್ಲಿ ಓಡುವುದನ್ನು 0.9ಕ್ಕೆ ಇಳಿಸಿದರೆ, ಅದೇ ವೇಗದಲ್ಲೇ, ಚಿಪ್ ಕೆಲಸಕ್ಕೆ ತಿನ್ನುವ ವಿದ್ಯುತ್ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ. ಅಷ್ಟೂ ಬಿಸಿ ಹುಟ್ಟುವುದೇ ಇಲ್ಲ. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಒತ್ತಿ ಎಫ್ ಒತ್ತಿದರೆ ಒಂದು ಗ್ರಾಫ್ ತೆರೆಯುತ್ತದೆ. ಒಂದೊಂದು ವೋಲ್ಟೇಜಿಗೆ ಒಂದೊಂದು ಚುಕ್ಕೆ. 0.9 ವೋಲ್ಟ್‌ನ ಚುಕ್ಕೆಯನ್ನು 1898ಕ್ಕೆ ಎತ್ತಿ, ಅದರ ಬಲಗಡೆಯ ಎಲ್ಲ ಚುಕ್ಕೆಗಳನ್ನೂ ಅದೇ ಮಟ್ಟಕ್ಕೆ ಚಪ್ಪಟೆ ಮಾಡಬೇಕು. ಮೌಸ್ ಅವನ ಕೈಗೇ ಕೊಟ್ಟೆ. ಒಂದು ಚುಕ್ಕೆ ಎಳೆಯಲು ಹೋಗಿ ಪಕ್ಕದ್ದು ಬರುತ್ತಿತ್ತು. ಉಸಿರು ಬಿಗಿಹಿಡಿದು ಎಳೆದ. ಮೆಮೊರಿಯನ್ನು 400ಕ್ಕೆ ಇಳಿಸಿದೆವು.

ಬಿಸಿ 82ರಿಂದ 71ಕ್ಕೆ ಬಂತು. ಸೇಂಟ್ ಡೆನಿಯ ಆ ಮೂಲೆಯಲ್ಲಿ 47, 48 ನಡುವೆ ಆಡುತ್ತಿತ್ತು. ಗೆರೆಯ ಮೇಲೇ. ಮಂಜು ಮತ್ತು ಬೆಳಕಿನ ಸೆಟ್ಟಿಂಗ್ ಒಂದು ಹಂತ ಇಳಿಸಿದ್ದಕ್ಕೆ 51 ಆಯಿತು. ಸಂಜೆ ಆರರವರೆಗೂ ಆಡಿದ, ಒಮ್ಮೆಯೂ ಕಪ್ಪಾಗಲಿಲ್ಲ. ಅಕ್ಕ ಎರಡು ಸಲ ಮಜ್ಜಿಗೆ ತಂದುಕೊಟ್ಟು ಹೋದಳು.

ಬೆಂಗಳೂರಿನ ಅಂಕಿಗಳಿಗಿಂತ ಈ ಅಂಕಿಗಳೇ ನನಗೆ ಈಗ ಜಾಸ್ತಿ ಇಷ್ಟ. ವೇಗದಲ್ಲಿ ನೂರಕ್ಕೆ ನಾಲ್ಕೈದು ಕಡಿಮೆ, ಆದರೆ ಫ್ಯಾನ್ ಸದ್ದಿಲ್ಲ, ಕಾರ್ಡಿಗೆ ಒತ್ತಡವಿಲ್ಲ. ಮೊದಲೇ ಹೀಗೆ ಮಾಡಬೇಕಿತ್ತು.

ಈ ಕಾರ್ಡಿಗೆ ಹೊಸ ಆಟಗಳ ಡ್ರೈವರ್ ಬರುವುದು 2025ರ ಅಕ್ಟೋಬರ್‌ಗೆ ನಿಂತಿತು. ಭದ್ರತೆಯ ಅಪ್‌ಡೇಟ್ ಮಾತ್ರ 2028ರ ಅಕ್ಟೋಬರ್‌ವರೆಗೆ ಕೊಡುವುದಾಗಿ ಎನ್‌ವಿಡಿಯಾ ಹೇಳಿದೆ. ಅವನಿಗೆ ಅದನ್ನು ಹೇಳಿದೆ. ಹಳೇ ಆಟಗಳೇ ಆಡಿ ಮುಗಿಸಿಲ್ಲ ಮಾಮ ಅಂದ.

ಮೊನ್ನೆ ಒಂದು ಫೋಟೋ ಕಳಿಸಿದ್ದ. ಅವನ ನೋಟ್‌ಬುಕ್ಕಿನ ಒಂದು ಪುಟ. ತಾರೀಖು, ಹೊತ್ತು, ರೂಮಿನ ಬಿಸಿ, ಕಾರ್ಡಿನ ಬಿಸಿ, ಫ್ರೇಮ್. ನಾನು ಬರೆಯುತ್ತಿದ್ದ ಪಟ್ಟಿಯಲ್ಲಿ ರೂಮಿನ ಬಿಸಿಯ ಕಾಲಮ್ ಇರಲಿಲ್ಲ. ಅದರ ಕೆಳಗೆ ಒಂದು ಪ್ರಶ್ನೆ.

"ಮಾಮ, ಈಗ ಚಳಿ ಅದ. ಮೆಮೊರಿ ಇನ್ನೊಂದು 50 ಏರಿಸಿ ನೋಡ್ಲಾ?"

ನೋಡು, ಆದರೆ ಅದನ್ನು ಬೇರೆ ಪ್ರೊಫೈಲ್‌ನಲ್ಲಿ ಸೇವ್ ಮಾಡು, ಯುಗಾದಿಗೆ ಮೊದಲು ಹಳೇದಕ್ಕೆ ವಾಪಸ್ ಬಾ ಅಂತ ಬರೆದೆ.